ಉಂಗುರ ಮೂಡದ ತಟ್ಟೆ

(ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ಮಾತಿನ ನಡುವೆ ದಾರಿ ತಪ್ಪಿ ಹೋಗಿದ್ದ ಕೆಲವು ಕಡೆ ಸರಿಪಡಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ನಾನು ರೋಗಿಯ ಮುಖ ನೋಡುವ ವೈದ್ಯೆಯಲ್ಲ. ನನ್ನ ಮೇಜಿಗೆ ಬರುವುದು ರೋಗಿಯ ರಕ್ತ, ಕಫ, ಮೂತ್ರ, ಮತ್ತು ಒಂದು ಚೀಟಿ. ಚೀಟಿಯಲ್ಲಿ ಹೆಸರು, ವಯಸ್ಸು, ಹಾಸಿಗೆಯ ಸಂಖ್ಯೆ ಇರುತ್ತದೆ. ಇಪ್ಪತ್ತು ವರ್ಷಗಳಿಂದ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕುಳಿತವಳಿಗೆ ಜನರ ನೆನಪು ಹಾಸಿಗೆಯ ಸಂಖ್ಯೆಯಾಗಿಯೇ ಉಳಿಯುತ್ತದೆ. ಅದಕ್ಕೆ ಕ್ಷಮೆ ಇರಲಿ.

ನಮ್ಮ ಕೆಲಸ ಹೇಗಿರುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಅಂಗೈಯಗಲದ ತಟ್ಟೆಯಲ್ಲಿ ಅಗರ್ ಎಂಬ ಪದಾರ್ಥವನ್ನು ಕರಗಿಸಿ ಹೊಯ್ದಿರುತ್ತೇವೆ. ಆರಿದ ಮೇಲೆ ಅದು ನಮ್ಮ ಹಾಲುಬಾಯಿಯ ಹಾಗೆ ಗಟ್ಟಿಯಾಗಿ ನಡುಗುತ್ತಿರುತ್ತದೆ. ಅದರ ಮೇಲೆ ರೋಗಿಯಿಂದ ಸಿಕ್ಕ ಬ್ಯಾಕ್ಟೀರಿಯಾವನ್ನು ತೆಳ್ಳಗೆ ಸವರಿ, ಬೇರೆ ಬೇರೆ ಆಂಟಿಬಯೋಟಿಕ್‌ಗಳಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ರಾತ್ರಿಯಿಡೀ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬೆಳಿಗ್ಗೆ ತೆಗೆದರೆ, ಔಷಧ ಕೆಲಸ ಮಾಡಿದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಒಂದು ತಿಳಿ ಉಂಗುರ ಮೂಡಿರುತ್ತದೆ. ಆ ಉಂಗುರವನ್ನು ಅಳತೆಪಟ್ಟಿ ಹಿಡಿದು ಅಳೆಯುವುದೇ ನಮ್ಮ ವಿದ್ಯೆ. ಈಗ ಇದನ್ನೆಲ್ಲ ಮಾಡುವ ಯಂತ್ರಗಳು ಬಂದಿವೆ. ಆದರೂ ಅನುಮಾನ ಬಂದಾಗ ನಾನು ತಟ್ಟೆಗೇ ಮರಳುತ್ತೇನೆ. ಕಣ್ಣಾರೆ ಕಂಡದ್ದಕ್ಕೆ ಒಂದು ತೂಕವಿದೆ.

ನಾನು ಕೆಲಸಕ್ಕೆ ಸೇರಿದ ದಿನಗಳಲ್ಲಿ ಉಂಗುರವೇ ಇಲ್ಲದ ತಟ್ಟೆ ಬಂದರೆ ಎಲ್ಲರನ್ನೂ ಕರೆದು ತೋರಿಸುತ್ತಿದ್ದೆವು. ಈಗ ಐಸಿಯುವಿನಿಂದ ಬಂದ ಮಾದರಿಯಲ್ಲಿ ಅಂಥ ತಟ್ಟೆ ಕಂಡರೆ ಯಾರೂ ಕುರ್ಚಿಯಿಂದ ಏಳುವುದಿಲ್ಲ.

ಐಸಿಯುವಿನಲ್ಲೇ ಏಕೆ? ಉತ್ತರ ಆ ಕೋಣೆ ಹುಟ್ಟಿದ ರೀತಿಯಲ್ಲೇ ಇದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಾವಳಿ ಎದ್ದಿತು. ಉಸಿರಾಟದ ಸ್ನಾಯುಗಳೇ ಸೋತ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ, ಗಂಟಲಿನ ಕೆಳಗೆ ರಂಧ್ರ ಮಾಡಿ ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಗಾಳಿ ಊದುವ ದಾರಿ ತೋರಿಸಿದರು. ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ, ಹಗಲೂ ರಾತ್ರಿ, ಹಾಸಿಗೆಯ ಪಕ್ಕದಲ್ಲಿ ಕುಳಿತು ಚೀಲ ಒತ್ತಿದರು. ಸಾವು ಇಳಿಯಿತು. ಗಂಭೀರ ರೋಗಿಗಳನ್ನೆಲ್ಲ ಒಂದೇ ಕಡೆ ಇಟ್ಟು ಕ್ಷಣಕ್ಷಣವೂ ನೋಡಿಕೊಳ್ಳುವ ವ್ಯವಸ್ಥೆ ಅಲ್ಲಿಂದ ಬೆಳೆಯಿತು.

ಈ ಕಥೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಒಂದು, ಕೊಳವೆ. ಇನ್ನೊಂದು, ಕೈ. ರೋಗಿಯನ್ನು ಬದುಕಿಸಿದ್ದು ಇವೆರಡು. ಇಂದು ನಾನು ಹೇಳಲಿರುವ ತೊಂದರೆಯನ್ನು ತಂದದ್ದೂ ಇವೆರಡೇ.

ಚರ್ಮ, ಮೂಗಿನ ರೋಮ, ಕೆಮ್ಮು, ಹೊಟ್ಟೆಯ ಆಮ್ಲ ಇವೆಲ್ಲ ನಮ್ಮ ಮೈಯ ಕಾವಲುಗಾರರು. ವೆಂಟಿಲೇಟರ್ ಕೊಳವೆ ಗಂಟಲಿಗೆ ಇಳಿದರೆ ಕೆಮ್ಮಿನ ಕಾವಲು ಹೋಯಿತು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಕೊಳವೆ ಹಾಕಿದರೆ ಚರ್ಮದ ಕಾವಲು ಹೋಯಿತು. ಮೂತ್ರಕ್ಕೆ ಕ್ಯಾತಿಟರ್ ಹಾಕಿದರೆ ಅಲ್ಲೊಂದು ಬಾಗಿಲು ತೆರೆಯಿತು. ಪ್ಲಾಸ್ಟಿಕ್ ಕೊಳವೆಯ ಒಳಗೋಡೆಗೆ ಬ್ಯಾಕ್ಟೀರಿಯಾ ಅಂಟಿಕೊಂಡು, ತಮ್ಮ ಸುತ್ತ ಲೋಳೆಯ ಹೊದಿಕೆ ಹೆಣೆದುಕೊಳ್ಳುತ್ತವೆ. ಕೆರೆಯ ಮೆಟ್ಟಿಲ ಮೇಲಿನ ಪಾಚಿಯನ್ನು ನೆನೆಸಿಕೊಳ್ಳಿ. ಮೇಲಿನಿಂದ ಎಷ್ಟು ನೀರು ಹರಿದರೂ ಅದು ಜಗ್ಗುವುದಿಲ್ಲ. 2017ರ ಸೆಪ್ಟೆಂಬರ್ 13ರಂದು, ಆ ಒಂದೇ ದಿನ, 88 ದೇಶಗಳ ಐಸಿಯುಗಳಲ್ಲಿದ್ದ ಹದಿನೈದು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ತೆಗೆದರು. ನೂರರಲ್ಲಿ 54 ಮಂದಿಗೆ ಸೋಂಕು ಇತ್ತು ಅಥವಾ ಇದೆಯೆಂಬ ಸಂಶಯವಿತ್ತು. ಆಂಟಿಬಯೋಟಿಕ್ ಪಡೆಯುತ್ತಿದ್ದವರು ನೂರರಲ್ಲಿ 70 ಮಂದಿ. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಿ. ಮತ್ತೆ ಅಲ್ಲಿಗೆ ಬರುತ್ತೇನೆ.

ಆಂಟಿಬಯೋಟಿಕ್ ಇರುವ ಜಾಗದಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿಯುತ್ತದೆ. ಬಗ್ಗದಿರುವ ಉಪಾಯಗಳು ಹಲವು. ಔಷಧವನ್ನು ಒಳಗೆ ಬಿಟ್ಟುಕೊಳ್ಳದಿರಬಹುದು, ಒಳಗೆ ಬಂದದ್ದನ್ನು ಪಂಪ್ ಮಾಡಿ ಹೊರಗೆ ಚೆಲ್ಲಬಹುದು, ಅಥವಾ ಕಿಣ್ವವೊಂದನ್ನು ತಯಾರಿಸಿ ಔಷಧವನ್ನೇ ತುಂಡರಿಸಬಹುದು. ಈ ಕೊನೆಯ ಉಪಾಯ ತೀರ ಹಳೆಯದು. ಪೆನಿಸಿಲಿನ್ ರೋಗಿಗಳ ಬಳಕೆಗೆ ಬರುವ ಮೊದಲೇ, 1940ರಲ್ಲಿ, ಅದನ್ನು ಒಡೆಯುವ ಕಿಣ್ವವನ್ನು ಅಬ್ರಹಾಂ ಮತ್ತು ಚೇನ್ ಎಂಬ ವಿಜ್ಞಾನಿಗಳು ಗುರುತಿಸಿದ್ದರು. ಅಚ್ಚರಿಯ ಮಾತೆಂದರೆ, ಇಂಥ ಕಿಣ್ವದ ಸೂತ್ರವನ್ನು ಒಂದು ಬ್ಯಾಕ್ಟೀರಿಯಾ ಪಕ್ಕದ ಬ್ಯಾಕ್ಟೀರಿಯಾಕ್ಕೆ ಕೈಬರಹದ ಚೀಟಿಯಂತೆ ದಾಟಿಸಬಲ್ಲದು. ಪಡೆಯುವವನು ಬೇರೆ ಜಾತಿಯವನಾದರೂ ನಡೆಯುತ್ತದೆ. ನಮ್ಮಷ್ಟು ಜಾತಿಯ ಲೆಕ್ಕ ಅವು ಇಡುವುದಿಲ್ಲ.

ಅಂಥ ಒಂದು ಚೀಟಿಗೆ ನಮ್ಮ ರಾಜಧಾನಿಯ ಹೆಸರಿದೆ. ನವದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ಭಾರತ ಮೂಲದ ರೋಗಿಯೊಬ್ಬರ ಮೂತ್ರದಲ್ಲಿ, 2008ರಲ್ಲಿ, ಕಾರ್ಬಪೆನೆಮ್ ಎಂಬ ಗುಂಪಿನ ಪ್ರಬಲ ಆಂಟಿಬಯೋಟಿಕ್‌ಗಳನ್ನೂ ಒಡೆದುಹಾಕುವ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಆ ಕಿಣ್ವಕ್ಕೆ ಎನ್‌ಡಿಎಂ-1 ಎಂದು ಹೆಸರಿಟ್ಟರು. ಎನ್‌ಡಿ ಎಂದರೆ ನ್ಯೂ ಡೆಲ್ಲಿ. 2010ರಲ್ಲಿ ದೊಡ್ಡ ಗಲಾಟೆಯಾಯಿತು. ದೇಶದ ಮಾನ ಹೋಯಿತು, ವೈದ್ಯಕೀಯ ಪ್ರವಾಸದ ವ್ಯಾಪಾರ ಕೆಡಿಸುವ ಹುನ್ನಾರ ಎಂದು ಪತ್ರಿಕೆಗಳು ಬರೆದವು, ಸರ್ಕಾರವೂ ಆಕ್ಷೇಪಿಸಿತು. ಊರಿನ ಹೆಸರಿಟ್ಟದ್ದು ಸರಿಯಲ್ಲ ಎಂದು ನನಗೂ ಆಗ ಅನಿಸಿತ್ತು, ಈಗಲೂ ಅನಿಸುತ್ತದೆ. ಆದರೆ ಹೆಸರಿನ ಜಗಳದಲ್ಲಿ ನಾವು ಮುಳುಗಿದ್ದಾಗ ಕಿಣ್ವ ತನ್ನ ಕೆಲಸ ನಿಲ್ಲಿಸಿರಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಆ ಕಿಣ್ವದ ವಂಶವಾಹಿ ಕಂಡಿತ್ತು.

ಕಾರ್ಬಪೆನೆಮ್ ಎಂದರೆ ಇಮಿಪೆನೆಮ್, ಮೆರೊಪೆನೆಮ್. ಐಸಿಯುವಿನ ಹೊರಗೆ ಕಾದು ಕುಳಿತ ಎಷ್ಟೋ ಕುಟುಂಬಗಳಿಗೆ ಎರಡನೆಯ ಹೆಸರು ಬಿಲ್ಲಿನಿಂದಲೇ ಪರಿಚಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯಗಳಿಂದ ಪ್ರತಿವರ್ಷ ಲೆಕ್ಕ ಸೇರಿಸುತ್ತದೆ. ಇಮಿಪೆನೆಮ್‌ಗೆ ಬಗ್ಗುವ ಕ್ಲೆಬ್ಸಿಯೆಲ್ಲಾ 2017ರಲ್ಲಿ ಶೇಕಡ 58.5 ಇತ್ತು, 2023ರಲ್ಲಿ ಶೇಕಡ 35.6ಕ್ಕೆ ಇಳಿಯಿತು. ಅಸಿನೆಟೊಬ್ಯಾಕ್ಟರ್ ಎಂಬ ಇನ್ನೊಂದು ಐಸಿಯು ವಾಸಿಯಲ್ಲಿ ಮೆರೊಪೆನೆಮ್‌ಗೆ ಬಗ್ಗದವು ಶೇಕಡ 91. ಹಾಗಾಗಿ ತಟ್ಟೆ ನೋಡಿ ಯಾರೂ ಕುರ್ಚಿಯಿಂದ ಏಳುವುದಿಲ್ಲ ಎಂದೆ.

ಇಷ್ಟು ಕೇಳಿದವರು ಸಾಮಾನ್ಯವಾಗಿ ಹೊಸ ಔಷಧ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ. ನನಗೆ ಮಾತ್ರ ನಿಮಗೆ ಒಂದು ಆಸ್ಪತ್ರೆಯ ಕಥೆ ಹೇಳಬೇಕೆನಿಸುತ್ತದೆ. ಔಷಧಕ್ಕಾಗಲಿ ಹಣಕ್ಕಾಗಲಿ ಕೊರತೆಯೇ ಇಲ್ಲದ ಆಸ್ಪತ್ರೆ ಅದು. ಅಮೆರಿಕದ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ನಡೆಸುವ ಸಂಶೋಧನಾ ಆಸ್ಪತ್ರೆ.

2011ರ ಜೂನ್‌ನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಿಂದ ಅಲ್ಲಿಗೆ ಒಬ್ಬ ಮಹಿಳೆಯನ್ನು ಕರೆತಂದರು. ಆಕೆಯ ಮೈಯಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಇದೆ ಎಂಬುದು ಮೊದಲೇ ಗೊತ್ತಿತ್ತು. ಹೀಗಾಗಿ ಬಂದ ದಿನದಿಂದಲೇ ಪ್ರತ್ಯೇಕ ಕೋಣೆ, ಒಳಗೆ ಹೋಗುವವರಿಗೆ ಗೌನು, ಗ್ಲೌಸು, ಎಲ್ಲ ಕಟ್ಟುನಿಟ್ಟು. ಜುಲೈ ಮಧ್ಯದಲ್ಲಿ ಆಕೆ ಗುಣವಾಗಿ ಮನೆಗೆ ಹೋದರು. ಯಾರಿಗೂ ಹರಡಲಿಲ್ಲ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಮೂರು ವಾರಗಳ ನಂತರ, ಆಗಸ್ಟ್ 5ರಂದು, ಐಸಿಯುವಿನ ಇನ್ನೊಬ್ಬ ರೋಗಿಯಲ್ಲಿ ಅದೇ ಬ್ಯಾಕ್ಟೀರಿಯಾ. ಆಮೇಲೆ ಸುಮಾರು ವಾರಕ್ಕೊಬ್ಬರಂತೆ. ವರ್ಷ ಮುಗಿಯುವ ಹೊತ್ತಿಗೆ 18 ಮಂದಿಗೆ ತಗಲಿತ್ತು, 11 ಮಂದಿ ತೀರಿಕೊಂಡಿದ್ದರು. ಅವರಲ್ಲಿ ಆರು ಸಾವುಗಳಿಗೆ ಈ ಸೋಂಕೇ ಕಾರಣ ಎಂದು ನಿರ್ಧರಿಸಿದರು.

ಮೊದಲು ಅವರಿಗೂ ಇದು ಬೇರೆ ಎಲ್ಲಿಂದಲೋ ಹೊಸದಾಗಿ ಬಂದದ್ದು ಎನಿಸಿತ್ತು. ಮೊದಲ ಮಹಿಳೆ ಹೋಗಿ ಮೂರು ವಾರ ಆಗಿದೆಯಲ್ಲ! ಆಗ ಜೂಲಿ ಸೆಗ್ರೆ, ಇವಾನ್ ಸ್ನಿಟ್ಕಿನ್ ಮತ್ತು ಅವರ ಸಂಗಡಿಗರು ಪ್ರತಿ ರೋಗಿಯ ಬ್ಯಾಕ್ಟೀರಿಯಾದ ಇಡೀ ಜೀನೋಮ್, ಅಂದರೆ ಅದರ ವಂಶವಾಹಿಗಳ ಪೂರ್ತಿ ಬರಹವನ್ನು, ಓದಿದರು. ಸುಮಾರು 60 ಲಕ್ಷ ಅಕ್ಷರಗಳಲ್ಲಿ ಕೆಲವೇ ಕೆಲವು ಅಕ್ಷರಗಳ ವ್ಯತ್ಯಾಸ. ಹಳೆಯ ತಾಳೆಗರಿಗಳ ಪಾಠ ಹೋಲಿಸುವವರು ಯಾವ ಪ್ರತಿಯಿಂದ ಯಾವ ಪ್ರತಿ ಇಳಿದಿದೆ ಎಂದು ಲಿಪಿಕಾರರ ತಪ್ಪುಗಳಿಂದ ಪತ್ತೆ ಮಾಡುತ್ತಾರಲ್ಲ, ಇದೂ ಅದೇ ವಿದ್ಯೆ. ಎಲ್ಲವೂ ಆ ಮೊದಲ ಮಹಿಳೆಯಿಂದಲೇ ಇಳಿದು ಬಂದವು ಎಂದು ತಿಳಿಯಿತು. ಅಷ್ಟೇ ಅಲ್ಲ, ಒಂದೇ ಸಲ ದಾಟಿದ್ದೂ ಅಲ್ಲ. ನಡುವಿನ ಮೂರು ವಾರ ಅದು ಎಲ್ಲಿತ್ತು? ಜ್ವರವಿಲ್ಲದ, ಯಾವ ಲಕ್ಷಣವೂ ಇಲ್ಲದ ರೋಗಿಗಳ ಕರುಳಿನಲ್ಲಿ ಸುಮ್ಮನೆ ಕುಳಿತಿತ್ತು. ಬೇಸಿನ್ನುಗಳ ಕೊಳವೆಗಳಲ್ಲಿ ಸಿಕ್ಕಿತು. ಶುಚಿ ಮಾಡಿ ಇಟ್ಟಿದ್ದ ಒಂದು ವೆಂಟಿಲೇಟರ್ ಮೇಲೂ ಸಿಕ್ಕಿತು.

ಅವರು ಏನು ಮಾಡಿ ನಿಲ್ಲಿಸಿದರು ಎಂಬುದೇ ನನಗೆ ಮುಖ್ಯ. ಗೋಡೆ ಕಟ್ಟಿ ಐಸಿಯುವನ್ನು ಎರಡು ಮಾಡಿದರು. ಇಡೀ ಆಸ್ಪತ್ರೆಯ ರೋಗಿಗಳನ್ನು ಪರೀಕ್ಷಿಸಿ, ಮೈಯಲ್ಲಿ ಹೊತ್ತವರನ್ನು ಹುಡುಕಿದರು. ಕೊಳವೆಗಳನ್ನು ಕಿತ್ತರು, ಕೋಣೆಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಆವಿ ಹಾಯಿಸಿದರು. ಕೊನೆಗೆ, ವೈದ್ಯರೂ ದಾದಿಯರೂ ಕೈ ತೊಳೆಯುತ್ತಾರೋ ಇಲ್ಲವೋ ಎಂದು ನೋಡುವುದಕ್ಕೆಂದೇ ಜನರನ್ನು ನೇಮಿಸಿದರು. ಜಗತ್ತಿನ ಅತಿ ದೊಡ್ಡ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಬಚ್ಚಲು ಮತ್ತು ಕೈಯಲ್ಲಿ ದಾರಿ ಸಿಕ್ಕಿತು.

ಬೇಸಿನ್ ಎಂದಾಗ ನನಗೆ ನನ್ನದೇ ಒಂದು ಅನುಭವ ನೆನಪಾಗುತ್ತದೆ. ಹಿಂದೆ ನಾನಿದ್ದ ಆಸ್ಪತ್ರೆಯೊಂದರಲ್ಲಿ, ಹೆಸರು ಬೇಡ, ಐಸಿಯುವಿನ ಮೂಲೆಯ ಹಾಸಿಗೆಗೆ ಬಂದವರಿಗೇ ಮತ್ತೆ ಮತ್ತೆ ಒಂದೇ ಬಗೆಯ ಕ್ಲೆಬ್ಸಿಯೆಲ್ಲಾ. ಚೀಟಿಗಳನ್ನು ಜೋಡಿಸುತ್ತಿದ್ದಾಗ ಹಾಸಿಗೆಯ ಸಂಖ್ಯೆ ಕಣ್ಣಿಗೆ ಹೊಡೆಯಿತು. ನಾನೇ ಮೇಲೆ ಹೋಗಿ ನೋಡಿದೆ. ಹಾಸಿಗೆಯ ತಲೆಯಿಂದ ಒಂದು ಮಾರು ದೂರದಲ್ಲಿ ಕೈ ತೊಳೆಯುವ ಬೇಸಿನ್. ಅದರ ಪಕ್ಕದ ಕಟ್ಟೆಯ ಮೇಲೆ ಇಂಜೆಕ್ಷನ್ ಕಲಸುವ ಟ್ರೇ. ಮೂಗಿನ ಕೊಳವೆಯಲ್ಲಿ ಕೊಟ್ಟು ಉಳಿದ ಗಂಜಿಯನ್ನು ಅದೇ ಬೇಸಿನ್ನಿಗೆ ಚೆಲ್ಲುತ್ತಿದ್ದರು. ನಾನು ಪ್ರಯೋಗಾಲಯದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಬ್ಯಾಕ್ಟೀರಿಯಾದ ಆಹಾರವನ್ನು ಅವರು ದಿನಕ್ಕೆ ಆರು ಸಲ ಪುಕ್ಕಟೆ ಬಡಿಸುತ್ತಿದ್ದರು. ನಲ್ಲಿಯ ಧಾರೆ ನೇರ ಜಾಲರಿಯ ಮೇಲೆ ಬಿದ್ದು ಸುತ್ತಲೂ ಹನಿ ಸಿಡಿಯುತ್ತಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆಸ್ಪತ್ರೆಗೆ ಬಂದ ಬ್ಯಾಕ್ಟೀರಿಯಾವೂ ಬೇಸಿನ್ನಿಗೆ ಬಂದೇ ಬರುತ್ತದೆ. ಕೈ ಶುಚಿಯಾಗಲೆಂದು ಇಟ್ಟದ್ದೇ ಸೋಂಕಿನ ಒರತೆಯಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಟ್ರೇಯನ್ನು ಎದುರು ಗೋಡೆಗೆ ಸರಿಸಿದೆವು. ಗಂಜಿ ಚೆಲ್ಲಲು ಹೊರಗಿನ ಬಚ್ಚಲು ತೋರಿಸಿದೆವು. ಪ್ಲಂಬರ್ ಬಂದು ಕೊಳವೆಯ ಬಾಗನ್ನು ಬದಲಿಸಿದ. ಆಡಳಿತದವರು ಮೊದಲು ನಕ್ಕರು, ಆಮೇಲೆ ಪ್ಲಂಬರ್ ಬಿಲ್ಲಿಗೆ ಸಹಿ ಹಾಕಿದರು. ಒಂದು ದಿನದ ಮೆರೊಪೆನೆಮ್ ಬಿಲ್ಲಿಗಿಂತ ಅದು ಕಡಿಮೆಯಿತ್ತು.

ಇನ್ನು ಕೈ. ಗ್ಲೌಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಜ್ಜಿಯರ ಕಾಲದ ಮಡಿಯ ಹಾಗೆ ಗ್ಲೌಸು ಈಗ ಉಟ್ಟವರ ಮಡಿಯಾಗಿದೆ. ತೊಟ್ಟ ಮೇಲೆ ತಾವು ಶುದ್ಧ ಎಂಬ ಭಾವನೆ. ಅದೇ ಗ್ಲೌಸಿನಲ್ಲಿ ಒಬ್ಬ ರೋಗಿಯ ಮೂತ್ರದ ಚೀಲ ಮುಟ್ಟಿ, ಮಾನಿಟರ್ ಗುಂಡಿ ಒತ್ತಿ, ಪಕ್ಕದ ರೋಗಿಯ ಲೈನ್ ಹಿಡಿಯುತ್ತಾರೆ. ಅಸಿನೆಟೊಬ್ಯಾಕ್ಟರ್ ಒಣ ಜಾಗದಲ್ಲೂ ವಾರಗಟ್ಟಲೆ ಬದುಕಿರಬಲ್ಲದು. ಮಂಚದ ಕಂಬಿ, ಬಿಪಿ ಪಟ್ಟಿ, ವೈದ್ಯರ ಮೊಬೈಲ್ ಎಲ್ಲವೂ ಅದಕ್ಕೆ ತಂಗುದಾಣಗಳೇ. ಆದರೆ ಇದನ್ನು ದಾದಿಯರ ಮೇಲೆ ಹೊರಿಸಿ ಎದ್ದುಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ನಾಲ್ಕು ವೆಂಟಿಲೇಟರ್ ರೋಗಿಗಳನ್ನು ನೋಡಿಕೊಳ್ಳುವಾಗ, ಪ್ರತಿ ಸ್ಪರ್ಶಕ್ಕೂ ಮೊದಲು ಮತ್ತು ನಂತರ ಅರ್ಧ ನಿಮಿಷ ಕೈ ಉಜ್ಜಿದರೆ ಉಳಿದ ಕೆಲಸಕ್ಕೆ ಗಡಿಯಾರ ಸಾಲದು. ಒಬ್ಬ ರೋಗಿಗೆ ಒಬ್ಬ ಸಿಸ್ಟರ್ ಇದ್ದರೆ ಬ್ಯಾಕ್ಟೀರಿಯಾಕ್ಕೆ ಸವಾರಿಯೇ ಸಿಗುವುದಿಲ್ಲ. ಸಂಬಳದ ಪಟ್ಟಿಯೂ ಸೋಂಕು ತಡೆಯುವ ದಾಖಲೆಯೇ ಎಂದು ನಾನು ಸಭೆಗಳಲ್ಲಿ ಹೇಳಿ ಕೆಟ್ಟವಳಾಗಿದ್ದೇನೆ.

ಆಗುವುದೇ ಇಲ್ಲ ಎನ್ನುವವರಿಗೆ ಮಿಷಿಗನ್ನಿನ ಉದಾಹರಣೆ ಕೊಡುತ್ತೇನೆ. ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು ಆ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಸೆಂಟ್ರಲ್ ಲೈನ್ ಹಾಕುವಾಗ ಐದೇ ಐದು ಸಂಗತಿಗಳನ್ನು ಪಾಲಿಸುವಂತೆ ಮಾಡಿದರು: ಕೈ ತೊಳೆಯುವುದು, ರೋಗಿಯನ್ನು ಪೂರ್ತಿ ಶುದ್ಧ ಬಟ್ಟೆಯಿಂದ ಮುಚ್ಚುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಹಚ್ಚುವುದು, ಸಾಧ್ಯವಾದಷ್ಟು ತೊಡೆಸಂದಿಯಲ್ಲಿ ಲೈನ್ ಹಾಕದಿರುವುದು, ಬೇಡದ ಲೈನನ್ನು ತೆಗೆಯುವುದು. ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರ ದಾದಿಗೆ. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಾವಿರ ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) ನಡುವಿನ ಮೌಲ್ಯ 2.7 ಇದ್ದ ರಕ್ತದ ಸೋಂಕು ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತು, ಹದಿನೆಂಟು ತಿಂಗಳು ಹಾಗೆಯೇ ಉಳಿಯಿತು. ಹೊಸ ಔಷಧ ಒಂದೂ ಇರಲಿಲ್ಲ. ದಾದಿ ವೈದ್ಯರನ್ನು ತಡೆಯಬಹುದು ಎಂಬುದೇ ಅಲ್ಲಿನ ಹೊಸ ಔಷಧ ಎಂದು ನನ್ನ ಅನಿಸಿಕೆ. ನಮ್ಮಲ್ಲಿ ಅದಕ್ಕೆ ಇನ್ನೂ ಪರವಾನಗಿ ಸಿಕ್ಕಿಲ್ಲ.

ಈಗ 54 ಮತ್ತು 70ರ ಅಂತರಕ್ಕೆ ಬರೋಣ. ಸೋಂಕು ಇಲ್ಲದವರಿಗೂ ಔಷಧ ಹೋಗುವುದರಲ್ಲಿ ಕೆಲವು ಸಲ ನ್ಯಾಯವಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಮುಂಜಾಗ್ರತೆಗೆ ಕೊಡುವುದು ಅಂಥದ್ದು. ಆದರೆ ಒಂದು ತಪ್ಪಿನಲ್ಲಿ ನಮ್ಮ ಪ್ರಯೋಗಾಲಯಗಳದ್ದೂ ಪಾಲಿದೆ. ವೆಂಟಿಲೇಟರ್ ರೋಗಿಯ ಕಫವನ್ನು ಕಳುಹಿಸಿದರೆ ಅದರಲ್ಲಿ ಏನಾದರೂ ಬೆಳೆದೇ ಬೆಳೆಯುತ್ತದೆ. ನಾವು ಅದನ್ನು ಅಚ್ಚುಕಟ್ಟಾಗಿ ಬರೆದು ಕಳುಹಿಸುತ್ತೇವೆ. ಬೆಳೆದದ್ದೆಲ್ಲ ರೋಗವಲ್ಲ. ರೋಗಿಯ ಜ್ವರ ಇಳಿದಿದೆ, ಆಮ್ಲಜನಕ ಚೆನ್ನಾಗಿದೆ, ಆದರೂ ಕಾಗದದಲ್ಲಿ ಅಸಿನೆಟೊಬ್ಯಾಕ್ಟರ್ ಎಂದು ಕಂಡ ಕಿರಿಯ ವೈದ್ಯರು ಹೆದರಿ ಕೊಲಿಸ್ಟಿನ್ ಎಂಬ ಕೊನೆಯ ಆಸರೆಯ ಆಂಟಿಬಯೋಟಿಕ್ ಶುರು ಮಾಡುತ್ತಾರೆ. ಹಾಗೆ ಕಾಗದಕ್ಕೆ ಚಿಕಿತ್ಸೆ ನಡೆಯುತ್ತದೆ. ಈಚೆಗೆ ನಾನು ಅಂಥ ವರದಿ ಕಳುಹಿಸುವ ಮೊದಲು ಫೋನ್ ಮಾಡಿ ರೋಗಿ ಹೇಗಿದ್ದಾರೆ ಎಂದು ಕೇಳುತ್ತೇನೆ.

ಕೊಲಿಸ್ಟಿನ್ ಕಥೆಯೂ ವಿಚಿತ್ರವೇ. 1940ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಕಂಡುಹಿಡಿದದ್ದು. ಮೂತ್ರಪಿಂಡ ಕೆಡಿಸುತ್ತದೆ ಎಂದು 1970ರ ದಶಕದಲ್ಲಿ ಅಟ್ಟಕ್ಕೆ ಹಾಕಿದ್ದರು. ಬೇರೆಲ್ಲ ಸೋತ ಮೇಲೆ ಮತ್ತೆ ಕೆಳಗಿಳಿಸಿದೆವು. ಆ ಹೊತ್ತಿಗೆ ಕೋಳಿಗಳು ಬೇಗ ಮೈ ತುಂಬಿಕೊಳ್ಳಲಿ ಎಂದು ಅದನ್ನು ಮೇವಿನಲ್ಲಿ ಬೆರೆಸುತ್ತಿದ್ದರು! 2015ರಲ್ಲಿ ಚೀನಾದ ಹಂದಿಗಳಲ್ಲಿ, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟಬಲ್ಲ ಕೊಲಿಸ್ಟಿನ್ ಪ್ರತಿರೋಧದ ವಂಶವಾಹಿ ಸಿಕ್ಕಿತು. ಭಾರತ 2019ರ ಜುಲೈನಲ್ಲಿ ಆಹಾರದ ಪ್ರಾಣಿಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಹೊಸ ಔಷಧಗಳು ಇಲ್ಲವೆಂದಲ್ಲ. ಎನ್‌ಡಿಎಂ ಇರುವ ಬ್ಯಾಕ್ಟೀರಿಯಾಕ್ಕೆ ಅಜ್ಟ್ರಿಯೊನಾಮ್ ಮತ್ತು ಅವಿಬ್ಯಾಕ್ಟಮ್ ಜೋಡಿ ಕೆಲಸ ಮಾಡುತ್ತದೆ. ಚೆನ್ನೈನ ಕಂಪನಿಯೊಂದು ಕಂಡುಹಿಡಿದ ಎನ್ಮೆಟಜೊಬ್ಯಾಕ್ಟಮ್ ಎಂಬ ಔಷಧಕ್ಕೆ 2024ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಬಗ್‌ವರ್ಕ್ಸ್ ಹೊಸ ಅಣುವೊಂದರ ಬೆನ್ನು ಹತ್ತಿದೆ. ಬರಲಿ, ಸ್ವಾಗತ. ಆದರೆ ಅವೂ ಅದೇ ಬೇಸಿನ್ನಿನ ಪಕ್ಕದ ಟ್ರೇಗೇ ಬರಬೇಕು.

ಇದೂ ಒಂದು ಸಿಹಿ ಸುದ್ದಿ. ರಕ್ತದ ಸೋಂಕಿಗೆ ಹದಿನಾಲ್ಕು ದಿನ ಔಷಧ ಎಂಬುದು ನಾವೆಲ್ಲ ಕಲಿತ ಪಾಠ. ಏಳು ದೇಶಗಳ 74 ಆಸ್ಪತ್ರೆಗಳಲ್ಲಿ 3608 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದು 2024ರಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐಸಿಯುವಿನವರು. ತೊಂಬತ್ತು ದಿನಗಳಲ್ಲಿ ತೀರಿಕೊಂಡವರು ಏಳು ದಿನದ ಗುಂಪಿನಲ್ಲಿ ಶೇಕಡ 14.5, ಹದಿನಾಲ್ಕು ದಿನದ ಗುಂಪಿನಲ್ಲಿ ಶೇಕಡ 16.1. ಎಂದರೆ ಏಳು ದಿನ ಸಾಕು. ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳ ಸೋಂಕನ್ನು ಈ ಪರೀಕ್ಷೆಯಿಂದ ಹೊರಗಿಟ್ಟಿದ್ದರು. ಹಾಗಾಗಿ ಇದನ್ನು ಕೇಳಿ ನಿಮ್ಮ ಮನೆಯ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಯುವಕ ಎದ್ದು ನಿಂತ. "ಮೇಡಂ, ನಮ್ಮ ತಂದೆಯವರು ಐಸಿಯುವಿನಲ್ಲಿದ್ದಾಗ ನಾನೇ ಡಾಕ್ಟರನ್ನು ಎಲ್ಲಕ್ಕಿಂತ ಸ್ಟ್ರಾಂಗ್ ಆಂಟಿಬಯೋಟಿಕ್ ಕೊಡಿ, ದುಡ್ಡು ನೋಡಬೇಡಿ ಎಂದು ಕೇಳಿಕೊಂಡಿದ್ದೆ. ಅದು ತಪ್ಪೇ?"

ತಪ್ಪೆಂದು ಹೇಗೆ ಹೇಳಲಿ. ಆ ಬಾಗಿಲ ಹೊರಗೆ ಕುಳಿತ ಯಾವ ಮಗನೂ ಕೇಳುವ ಮಾತು ಅದು. ಆದರೆ ಮುಂದೆ ಅಂಥ ಸಂದರ್ಭ ಬಂದರೆ, ಬಾರದಿರಲಿ, ದಿನವೂ ಮೂರು ಪ್ರಶ್ನೆ ಕೇಳಿ ಎಂದೆ. ಔಷಧ ಶುರು ಮಾಡುವ ಮೊದಲು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಕಳುಹಿಸಿದಿರಾ? ಕಲ್ಚರ್ ವರದಿ ಬಂದ ಮೇಲೆ ಯಾವ ಔಷಧವನ್ನು ನಿಲ್ಲಿಸಿದಿರಿ? ಮೈಮೇಲಿರುವ ಕೊಳವೆಗಳಲ್ಲಿ ಇವತ್ತು ಯಾವುದನ್ನು ತೆಗೆಯಬಹುದು? ಮತ್ತು ಒಳಗೆ ಹೋಗುವಾಗ, ಹೊರಗೆ ಬರುವಾಗ ನಿಮ್ಮ ಕೈಗೂ ಸ್ಯಾನಿಟೈಸರ್ ಹಾಕಿಕೊಳ್ಳಿ.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಮೆಲ್ಲಗೆ ಕೇಳಿದರು. ಅವರ ಅತ್ತೆ ಐಸಿಯುವಿನಿಂದ ಮನೆಗೆ ಬಂದು ಹದಿನೈದು ದಿನವಾಗಿದೆ. ಕಾಗದದಲ್ಲಿ ಅಂಥದೇ ಬ್ಯಾಕ್ಟೀರಿಯಾದ ಹೆಸರಿದೆ. "ಅಮ್ಮನವರಿಗೆ ತಟ್ಟೆ ಲೋಟ ಬೇರೆ ಇಡಬೇಕೆಂದು ನಾದಿನಿ ಹೇಳುತ್ತಾರೆ. ಮಕ್ಕಳನ್ನು ಹತ್ತಿರ ಬಿಡಬಾರದಂತೆ."

ಬೇಡ ಎಂದೆ. ಆರೋಗ್ಯವಾಗಿರುವವರ ಮನೆಯಲ್ಲಿ ಅದು ಅಪಾಯ ಮಾಡುವುದು ಅಪರೂಪ. ಸೋಪು ಹಾಕಿ ತೊಳೆದ ತಟ್ಟೆ ಎಲ್ಲರಿಗೂ ಆಗುತ್ತದೆ. ಮಕ್ಕಳು ತೊಡೆಯ ಮೇಲೆ ಕೂರಲಿ. ಅವರ ಬಟ್ಟೆ ಬದಲಿಸಿದವರು, ಶೌಚಕ್ಕೆ ನೆರವಾದವರು ಸೋಪಿನಿಂದ ಚೆನ್ನಾಗಿ ಕೈ ತೊಳೆದುಕೊಂಡರೆ ಆಯಿತು. ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಇರಬಹುದು, ತಾನಾಗಿಯೇ ಹೋಗಲೂಬಹುದು. ಅದನ್ನು ಓಡಿಸಲು ಮಾತ್ರೆ ಕೊಡಿಸಬೇಡಿ. ಒಂದೇ ಕೆಲಸ: ಮತ್ತೆ ಯಾವುದಾದರೂ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಬಾಗಿಲಲ್ಲೇ ಅವರಿಗೆ ತಿಳಿಸಿ. ಆ ವರದಿಯ ಕಾಗದವನ್ನು ಫೈಲಿನ ತಳಕ್ಕೆ ಹಾಕಬೇಡಿ, ಎಲ್ಲಕ್ಕಿಂತ ಮೇಲೆ ಇಡಿ.